ಕೋಬಾಲಮ್ಮ ಕಾದಿಟ್ಟ ನಂಬರು

ನಮ್ಮಕ್ಕನ ನಿಜವಾದ ಹೆಸರು ಅವಳ ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಕೋಬಾಲಮ್ಮ. ಮೊದಲ ಸಲ ಕೇಳಿದಾಗ ಇದ್ಯಾವುದೋ ಚರ್ಮದ ಕಾಯಿಲೆಯ ಹೆಸರಿರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಕೋಬಾಲ್ ಅನ್ನುವುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಹಳೆಯ ಭಾಷೆ. ಟೆಲಿಫೋನ್ ಕಂಪನಿಯಲ್ಲಿ ಯಾವ ನಂಬರು ಯಾರ ಮನೆಯದು, ಯಾವ ಲೈನು ಕತ್ತರಿಸಬೇಕು, ಖಾಲಿಯಾದ ನಂಬರನ್ನು ಮುಂದೆ ಯಾರಿಗೆ ಕೊಡಬೇಕು, ಇಷ್ಟನ್ನೂ ನೋಡಿಕೊಳ್ಳುವ ಪ್ರೋಗ್ರಾಮುಗಳನ್ನು ಅಕ್ಕ ಆ ಭಾಷೆಯಲ್ಲಿ ಬರೆದಿದ್ದಳು. ಕೆಲಸಕ್ಕೆ ಸೇರಿದಾಗ ಅವಳ ಜಡೆ ಸೊಂಟದ ಕೆಳಗಿಳಿಯುತ್ತಿತ್ತು. ಈಗ ಒಂದು ಹೇರ್‌ಪಿನ್ನಿಗೆ ಸಾಕಾಗುವಷ್ಟು ಕೂದಲಿಲ್ಲ. ಅಷ್ಟೂ ಕಾಲ ಅದನ್ನೇ ಬರೆದಳು.

ನಾನು ಅವಳ ತಂಗಿ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ನನ್ನ ಬಾಯಿ ಜೋರು, ಅದನ್ನು ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅಕ್ಕ ನನಗೆ ತದ್ವಿರುದ್ಧ. ನಾನು ಹತ್ತು ಮಾತಾಡಿದರೆ ಅವಳು "ಹೂಂ" ಅನ್ನುತ್ತಾಳೆ, ಅದೂ ನನ್ನ ಪುಣ್ಯ ಚೆನ್ನಾಗಿದ್ದರೆ. ಆ ಆಫೀಸಿನ ಮೆಷಿನ್ ರೂಮಿನಲ್ಲಿ ಫ್ಯಾನಿಗಿಂತ ಜೋರಾಗಿ ಎಸಿ ಗುಂಯ್‌ಗುಡುತ್ತದೆ, ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಕೂರಬೇಕು. ಅಲ್ಲಿ ಕೂತೂ ಕೂತೂ ಮಾತು ಹೆಪ್ಪುಗಟ್ಟಿತೋ ಏನೋ ಎಂದು ನಾನು ರೇಗಿಸುತ್ತಿದ್ದೆ. ಅದು ಸುಳ್ಳು, ಅವಳ ಮಾತು ನಿಂತದ್ದು ಮಗ ಹೋದ ಮೇಲೆ.

ಒಬ್ಬನೇ ಮಗ. ಅವನು ಅಂಬೆಗಾಲಿಡುವಾಗಲೇ ಭಾವ ತೀರಿಹೋದರು. ಅಕ್ಕ ಒಬ್ಬಳೇ ದುಡಿದು ಸಾಕಿದಳು. ಕಣ್ಣಲ್ಲಿ ಕಣ್ಣಿಟ್ಟು ಅನ್ನುತ್ತಾರಲ್ಲ, ಹಾಗೆ. ಅವನಿಗೆ ಓದು ಬೇಡ, ಇಂಜಿನ್ನು ಬೇಕು. ಪರೀಕ್ಷೆಯ ದಿನ ಕಾಲೇಜಿಗೆ ಹೋಗದೆ ಯಾವುದೋ ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿದ್ದಾನೆಂದು ಅಕ್ಕನಿಗೆ ಯಾರೋ ಬಂದು ಹೇಳಿದರು. ಈಗ ಬಾಯೇ ಬಿಡದವಳು ಅವತ್ತು ಒಂದು ಜನ್ಮಕ್ಕಾಗುವಷ್ಟು ಅಂದಳು. ಅವನೂ ಬಿಡಲಿಲ್ಲ, ಅವಳದೇ ರಕ್ತವಲ್ಲವೇ. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತವನಿಗೆ "ಹೋಗು, ಹೋಗು. ಹೋದ್ಮೇಲೆ ಒಂದು ಫೋನ್ ಕೂಡ ಮಾಡ್ಬೇಡ" ಅಂದಳಂತೆ. ಅವನು ಹೋದ, ಫೋನ್ ಮಾಡಲಿಲ್ಲ. ಹುಟ್ಟಿದಾಗಿನಿಂದ ಒಂದು ಮಾತು ಕೇಳದವನು ಅದೊಂದನ್ನು ಕೇಳಿದ ನೋಡಿ! ಅಕ್ಕ ಗ್ಯಾರೇಜು ಗ್ಯಾರೇಜು ಅಲೆದಳು, ಪೊಲೀಸರ ಹತ್ತಿರ ಹೋದಳು, ಪತ್ರಿಕೆಯಲ್ಲಿ ಫೋಟೋ ಹಾಕಿಸಿದಳು. ಏನೂ ಆಗಲಿಲ್ಲ.

ನಾನು ಅವಳ ಮನೆಗೆ ಬಂದು ಸೇರಿದ್ದು ಆಗ. "ಬಾ, ಮನೇಲಿ ಯಾವಾಗ್ಲೂ ಒಬ್ಬರು ಇರ್ಬೇಕು" ಅಂದಳು. ನನ್ನ ಮೇಲಿನ ಪ್ರೀತಿಯಿಂದ ಕರೆದಳು ಅಂದುಕೊಂಡೆ, ದಡ್ಡಿ ನಾನು. ಫೋನಿಗೆ ಒಬ್ಬರು ಬೇಕಾಗಿತ್ತು. ನನ್ನ ಹೊಲಿಗೆ ಮೆಷಿನ್ನನ್ನು ಕಿಟಕಿಯ ಬೆಳಕಿಗೆ ಇಟ್ಟುಕೊಂಡರೆ ಅದನ್ನು ತಳ್ಳಿ ಫೋನಿನ ಪಕ್ಕಕ್ಕೆ ತಂದಿಟ್ಟಳು. "ಇಲ್ಲಿ ಸೂಜಿಗೆ ದಾರ ಪೋಣಿಸೋಕೂ ಕಾಣಲ್ಲ ಕಣೆ" ಅಂದರೆ ಮರುದಿನ ಒಂದು ಟೇಬಲ್ ಲ್ಯಾಂಪ್ ತಂದಳು.

ಕೆಲವು ವರ್ಷಗಳಾದ ಮೇಲೆ ಆ ಬಾಡಿಗೆ ಮನೆಯನ್ನು ಮಾಲೀಕ ಮಾರಿದ. ಕೊಂಡವನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವವನು. ನಾವು ಊರಿನ ಇನ್ನೊಂದು ತುದಿಗೆ ಬಂದೆವು. ಮನೆ ಬಿಡುವ ದುಃಖಕ್ಕಿಂತ ಅಕ್ಕನಿಗೆ ಬೇರೆಯದೇ ಸಂಕಟ. ಒಂದು ಏರಿಯಾದ ನಂಬರು ಇನ್ನೊಂದು ಏರಿಯಾಕ್ಕೆ ಹೋಗುವಂತಿಲ್ಲ, ಮನೆ ಬಿಟ್ಟರೆ ನಂಬರೂ ಬಿಡಬೇಕು, ಬಿಟ್ಟ ನಂಬರು ಸ್ವಲ್ಪ ದಿನ ಖಾಲಿ ಇದ್ದು ಆಮೇಲೆ ಮತ್ತೊಬ್ಬರ ಪಾಲಾಗುತ್ತದೆ. ಇದು ಕಂಪನಿಯ ನಿಯಮ. ಆ ನಿಯಮವನ್ನು ಪ್ರೋಗ್ರಾಮಿನಲ್ಲಿ ಬರೆದದ್ದೂ ಅವಳೇ, ಕರ್ಮ!

ಆಗಿನ ದೊಡ್ಡ ಸಾಹೇಬರು ಒಳ್ಳೆಯವರು. ಅಕ್ಕ ಅವರ ಮುಂದೆ ನಿಂತು ವಿಷಯ ಹೇಳಿದಾಗ "ಹಾಕ್ಕೊಳ್ಳಮ್ಮ ಒಂದು ಸಾಲು, ನಾನಿದ್ದೀನಿ" ಅಂದರಂತೆ. ಅಕ್ಕ ಪ್ರೋಗ್ರಾಮಿನೊಳಗೆ ಒಂದೇ ಒಂದು ಸಾಲು ಸೇರಿಸಿದಳು. ಖಾಲಿ ನಂಬರುಗಳನ್ನು ಹಂಚುವಾಗ ಈ ನಂಬರು ಬಂದರೆ ಮುಟ್ಟದೆ ಮುಂದೆ ಹೋಗು, ಅಷ್ಟೇ. ಎಕ್ಸ್‌ಚೇಂಜಿನವರಿಗೆ ಹೇಳಿ ಆ ನಂಬರಿಗೆ ಬಂದ ಕರೆ ನಮ್ಮ ಹೊಸ ಮನೆಯ ಫೋನಿಗೆ ತಿರುಗುವಂತೆ ಮಾಡಿಸಿದಳು. ಹೀಗೆ ಯಾರ ಮನೆಯದೂ ಅಲ್ಲದ ನಂಬರೊಂದು ನಮ್ಮ ಮನೆಯಲ್ಲಿ ಬಡಿದುಕೊಳ್ಳಲು ಕಾದಿತ್ತು.

ಅದು ಬದುಕಿದೆಯೋ ಇಲ್ಲವೋ ಎಂದು ಅಕ್ಕ ಆಗಾಗ ಆಫೀಸಿನಿಂದ ಅದಕ್ಕೆ ಕರೆ ಮಾಡಿ ನೋಡುವಳು. ನಾನು ಎತ್ತಬೇಕು.

"ನಾನೇ. ಹಳೇದಕ್ಕೆ ಮಾಡ್ದೆ."

"ಬಂತು ಬಂತು. ಇಡು ತಾಯಿ, ಒಲೆ ಮೇಲೆ ಹಾಲಿದೆ."

ಪ್ರತಿ ಸಲವೂ ನಾನು ಗೊಣಗುತ್ತಲೇ ಎತ್ತುತ್ತಿದ್ದೆ. ಆದರೂ ಹೇಳುತ್ತೇನೆ, ಮೊದಲನೆಯ ಗಂಟೆಗೇ ಕೈಯಲ್ಲಿದ್ದ ಬಟ್ಟೆ ಬಿಸಾಡುತ್ತಿದ್ದೆ. ಅವನೇ ಇರಬಹುದೇ ಎಂದು ಒಂದು ಕ್ಷಣ ಅನ್ನಿಸುತ್ತಿತ್ತು, ಅಕ್ಕನ ದನಿ ಕೇಳಿ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಕಂಪನಿಯವರಿಗೆ ಹಳೆಯ ಮೆಷಿನ್ ಸಾಕಾಯಿತು. ಕೋಬಾಲ್ ಎಲ್ಲ ತೆಗೆದು ಜಾವಾ ಅನ್ನುವ ಹೊಸ ಭಾಷೆಗೆ ಬದಲಾಯಿಸಬೇಕು ಅಂದರು. ಹೊಸಬರ ತಂಡ ಬಂತು, ಅದಕ್ಕೊಬ್ಬಳು ಮುಖ್ಯಸ್ಥೆ, ಇನ್ನೂ ಚಿಕ್ಕ ವಯಸ್ಸಿನವಳು. ನಾನು ಅವಳಿಗೆ ಜಾವಾ ಹುಡುಗಿ ಎಂದು ಹೆಸರಿಟ್ಟೆ. ಹಳೆಯದು ಏನು ಮಾಡುತ್ತದೆಂದು ಅಕ್ಕ ಹೇಳಬೇಕು, ಆ ಹುಡುಗಿಯ ತಂಡ ಹೊಸದರಲ್ಲಿ ಬರೆಯಬೇಕು, ಬರೆದದ್ದು ಸರಿಯೇ ಎಂದು ಅಕ್ಕ ನೋಡಬೇಕು. ನೋಡುವುದಕ್ಕೆ ಅವಳೂ ಜಾವಾ ಕಲಿಯಬೇಕು. ನಿವೃತ್ತಿಯ ಹೊಸ್ತಿಲಲ್ಲಿ ಯಾರಿಗೆ ಬೇಕು ಈ ಉಸಾಬರಿ? ಅವಳು ಮಾತ್ರ ಊಟದ ಮೇಜಿನ ಮೇಲೆ ದಪ್ಪ ಪುಸ್ತಕ ಹರಡಿಕೊಂಡು ಕೂತಳು.

"ಏನೇ ಅದರಲ್ಲಿ ಅಂಥದ್ದು?" ಅಂದೆ ಒಂದು ದಿನ.

"ಹಳೇದ್ರಲ್ಲಿ ನಾನು ಮೇಲಿಂದ ಕೆಳಗೆ ಹೇಳ್ತಾ ಹೋಗ್ತೀನಿ, ಮೆಷಿನ್ ಮಾಡ್ತಾ ಹೋಗುತ್ತೆ. ಇದನ್ನ ತಗೋ, ಅದರ ಜೊತೆ ಹೋಲಿಸು, ಸರಿಯಿದ್ರೆ ಅಲ್ಲಿಗೆ ಹೋಗು, ಹಾಗೆ. ಹೊಸದ್ರಲ್ಲಿ ಪ್ರತಿಯೊಂದೂ ಒಂದು ವಸ್ತು. ಗ್ರಾಹಕ ಒಂದು ವಸ್ತು, ನಂಬರ್ ಒಂದು ವಸ್ತು, ಬಿಲ್ ಒಂದು ವಸ್ತು. ತಾನು ಯಾರು, ತನಗೆ ಏನು ಮಾಡೋಕೆ ಬರುತ್ತೆ ಅನ್ನೋದು ಅದರ ಒಳಗೇ ಇರುತ್ತೆ."

"ಅಂದ್ರೆ ನಾನು ಹೊಲಿಯೋ ಅಂಗಿಗೆ ತನ್ನ ಅಳತೆ ತನಗೇ ಗೊತ್ತಿರುತ್ತೆ ಅನ್ನು."

"ಹೂಂ, ಹಾಗೇ."

"ಹಾಗಿದ್ರೆ ನನ್ನ ಹೊಟ್ಟೆ ಮೇಲೆ ಹೊಡೀತು ಬಿಡು ನಿನ್ನ ಜಾವಾ."

ಅಕ್ಕ ನಕ್ಕಳು. ಎಷ್ಟೋ ಕಾಲದ ಮೇಲೆ ನಕ್ಕದ್ದು. ನಗುತ್ತಲೇ, "ಪ್ರತಿ ನಂಬರಿಗೂ ಒಬ್ಬ ಯಜಮಾನ ಇರಬೇಕು. ಇಲ್ಲ ಅಂದ್ರೆ ಅದು ಖಾಲಿ ನಂಬರ್. ಖಾಲಿ ಅಂದ್ರೆ..." ಎಂದು ಹೇಳಿ ನಿಲ್ಲಿಸಿದಳು. ನನಗೂ ಹೊಳೆಯಿತು. ನಮ್ಮ ಹಳೆಯ ನಂಬರಿಗೆ ಯಜಮಾನ ಇಲ್ಲ.

"ನಿನ್ನ ಹೆಸರಿಗೇ ಬರ್ಕೋ" ಅಂದೆ.

"ನಂಬರ್ ನನ್ನ ವಿಳಾಸ ಕೇಳುತ್ತೆ. ಏರಿಯಾ ಬೇರೆ, ಹೊಂದಲ್ಲ ಅಂತ ತಳ್ಳಿಬಿಡುತ್ತೆ."

"ಯಾರಿಗೂ ಹೇಳ್ದೆ ಹಳೇ ಸಾಲನ್ನೇ ಎಲ್ಲಾದ್ರೂ ತುರುಕಿಬಿಡೇ. ಯಾರು ನೋಡ್ತಾರೆ?"

"ಎಲ್ಲರೂ ನೋಡ್ತಾರೆ. ಬರೆದಿದ್ದನ್ನ ಗೋಡೆ ಮೇಲೆ ದೊಡ್ಡದಾಗಿ ಹಾಕಿ ಒಂದೊಂದೇ ಸಾಲು ಓದಿಸ್ತಾರೆ. ಪ್ರೋಗ್ರಾಮಿನ ಮಧ್ಯೆ ಯಾವ ನಂಬರನ್ನೂ ಬರೀಬಾರದು ಅಂತ ಕಟ್ಟುನಿಟ್ಟು." ಪುಸ್ತಕ ಮುಚ್ಚಿಟ್ಟು ಎದ್ದು ಹೋದಳು. ಆ ಸಂಜೆ ಊಟಕ್ಕೆ ಬರಲಿಲ್ಲ.

ಮುಂದಿನದ್ದನ್ನು ಜಾವಾ ಹುಡುಗಿಯೇ ನನಗೆ ಹೇಳಿದ್ದು. ಓದುವ ಸರದಿ ನಂಬರು ಹಂಚುವ ಭಾಗಕ್ಕೆ ಬಂದ ದಿನ ರೂಮಿನ ತುಂಬ ಜನ. ಹಳೆಯ ಪ್ರೋಗ್ರಾಮು ಗೋಡೆಯ ಮೇಲಿತ್ತು. ಅಕ್ಕ ಓದುತ್ತಾ ಬಂದವಳು ಒಂದು ಕಡೆ ತಡೆದಳು.

"ಮೇಡಂ, ಈ ಸಾಲು ಏನು ಮಾಡುತ್ತೆ?" ಎಂದು ಹುಡುಗಿ ಕೇಳಿದಳು.

"ಒಂದು ನಂಬರನ್ನ ಬಿಟ್ಟು ಮುಂದೆ ಹೋಗುತ್ತೆ."

"ಯಾಕೆ? ಏನಿದೆ ಆ ನಂಬರಲ್ಲಿ?"

ಆ ಆಫೀಸಿನಲ್ಲಿ ಅಕ್ಕನಿಗೆ ಮಗನಿದ್ದಾನೆಂಬುದೇ ಈಗಿನವರಿಗೆ ಗೊತ್ತಿರಲಿಲ್ಲ. ಅಕ್ಕ ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡಳಂತೆ. ಆಮೇಲೆ, "ಅದು ನನ್ನ ಮಗನಿಗೆ ಬಾಯಿಪಾಠ ಇರೋ ನಂಬರು. ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಮಾಡಿದ್ರೆ ಅದಕ್ಕೇ ಮಾಡ್ತಾನೆ" ಅಂದಳು. ಹುಡುಗಿ ಪ್ರೊಜೆಕ್ಟರ್ ಆರಿಸಿ, "ಎಲ್ಲರೂ ಟೀ ಕುಡಿದು ಬನ್ನಿ" ಎಂದು ಹೊರಗೆ ಕಳಿಸಿ, ತಾನು ಮಾತ್ರ ಅಕ್ಕನ ಪಕ್ಕದಲ್ಲಿ ಕೂತಳು.

ಬೈಯುವುದಕ್ಕೆ ನಾನು ಹಲ್ಲು ಮಸೆದುಕೊಂಡಿದ್ದೆ. ಆ ಹುಡುಗಿ ಬೈಗುಳಕ್ಕೆ ಸಿಗಲಿಲ್ಲ. ನೇರ ಈಗಿನ ಸಾಹೇಬರ ಹತ್ತಿರ ಹೋಗಿ ವಾದ ಮಾಡಿ ಒಪ್ಪಿಸಿದಳು. ಹೊಸ ಪ್ರೋಗ್ರಾಮಿನಲ್ಲಿ ವಿನಾಯಿತಿಗೆಂದೇ ಒಂದು ಜಾಗ ಮಾಡಿದಳು. ಅಲ್ಲಿ ಬರೆದ ನಂಬರನ್ನು ಯಾರಿಗೂ ಕೊಡುವಂತಿಲ್ಲ, ಆದರೆ ಕಾರಣ ಬರೆಯಬೇಕು. ಅಕ್ಕ ಕಾರಣದ ಜಾಗದಲ್ಲಿ "ಕರೆ ನಿರೀಕ್ಷಿಸಲಾಗಿದೆ" ಎಂದು ಬರೆಸಿದಳು. ಉಳಿದ ಲಕ್ಷಾಂತರ ನಂಬರುಗಳು ಹಳೆಯ ಮೆಷಿನ್ನಿನಿಂದ ಹೊಸದಕ್ಕೆ ತಾವಾಗಿಯೇ ಹೋದವು. ಇದೊಂದನ್ನು ಮಾತ್ರ ಯಾರೂ ಮುಟ್ಟಬೇಡಿ ಅಂದಳು ಅಕ್ಕ. ತಾನೇ ಕೂತು, ತನ್ನ ಕೈಯಾರೆ ಬರೆದಳು. ಹುಡುಗಿ ಪರೀಕ್ಷೆ ಮಾಡಿ ನೋಡಿದಳು. ಕಾದಿಟ್ಟ ನಂಬರನ್ನು ಹೊಸ ಪ್ರೋಗ್ರಾಮು ಯಾರಿಗೂ ಕೊಡಲಿಲ್ಲ, ಪಾಸಾಯಿತು.

ಹಳೆಯ ಮೆಷಿನ್ ನಿಲ್ಲಿಸಿದ ದಿನ ಅಕ್ಕ ಅಲ್ಲಿಂದಲೇ ಹಳೆಯ ನಂಬರಿಗೆ ಕರೆ ಮಾಡಿದಳು. ಗಂಟೆ ನಮ್ಮ ಮನೆಯಲ್ಲೇ ಬಡಿಯಿತು. "ಬಂತು ಕಣೆ, ಬಂತು!" ಎಂದು ಕೂಗಿದೆ. ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಕೋಬಾಲಮ್ಮನಿಗೆ ಆಫೀಸಿನವರು ಹೂಗುಚ್ಛ ಕೊಟ್ಟರು, ಮನೆಗೆ ತಂದು ನೀರಿನ ಜಗ್ಗಿನಲ್ಲಿಟ್ಟಳು. ಅವತ್ತು ಎರಡು ತುತ್ತು ಜಾಸ್ತಿ ಉಂಡಳು.

ಆಮೇಲೆ ಹೊಸ ಮೆಷಿನ್ನಿನ ತರಲೆ ತಾಪತ್ರಯ ಶುರುವಾಯಿತು. ಒಬ್ಬರ ಬಿಲ್ಲು ಇನ್ನೊಬ್ಬರಿಗೆ, ಸತ್ತವರ ಹೆಸರಿಗೆ ನೋಟೀಸು. ಅಕ್ಕನಿಗೆ ಉಸಿರಾಡಲು ಪುರುಸೊತ್ತಿಲ್ಲ. ನಂಬರಿನ ಚಿಂತೆಯೂ ಇರಲಿಲ್ಲ, ತಾನೇ ಬರೆದದ್ದಲ್ಲವೇ. ಸ್ವಲ್ಪ ನಿರಾಳವಾದ ಒಂದು ಬೆಳಿಗ್ಗೆ ಹಳೆಯದಕ್ಕೆ ಕರೆ ಮಾಡಿದಳು.

"ಹಲೋ, ಡ್ರೈ ಕ್ಲೀನಿಂಗ್" ಅಂದಿತು ಒಂದು ಹೆಂಗಸಿನ ದನಿ.

ಅಕ್ಕ ಇಟ್ಟು, ಮತ್ತೆ ಒತ್ತಿದಳು. ಮತ್ತೆ ಡ್ರೈ ಕ್ಲೀನಿಂಗ್.

ನಡೆದದ್ದು ಇಷ್ಟು. ನಮ್ಮ ಊರಿನ ನಂಬರುಗಳು ಮೊದಲು ಆರು ಅಂಕಿಯವು. ಮಗ ಹೋಗಿ ಬಹಳ ಕಾಲದ ಮೇಲೆ ಎಲ್ಲದರ ಮುಂದೆ ಎರಡು ಅನ್ನುವ ಅಂಕಿ ಸೇರಿ ಏಳು ಅಂಕಿಯಾದವು. ಹಳೆಯ ಆರನ್ನೇ ಒತ್ತಿದವರಿಗೆ, ಮುಂದೆ ಎರಡು ಸೇರಿಸಿ ಎಂದು ಫೋನೇ ಹೇಳುತ್ತಿತ್ತು. ಆಗ ಅಕ್ಕ ಹಳೆಯ ಪ್ರೋಗ್ರಾಮಿನೊಳಗೆ ಆರನ್ನೇ ಉಳಿಸಿಕೊಂಡು, ಹೊರಗೆ ಹೋಗುವಾಗ ಮಾತ್ರ ಎರಡು ಅಂಟಿಸುವ ಉಪಾಯ ಮಾಡಿದ್ದಳು. ಹೊಸದರಲ್ಲಿ ನಂಬರಿನೊಳಗೇ ಏಳೂ ಇರಲಿ ಎಂದು ಆ ಹುಡುಗಿಗೆ ಹೇಳಿದವಳೂ ಅವಳೇ. ಎಲ್ಲ ನಂಬರಿಗೂ ಎರಡು ಸೇರಿತು. ಕೈಯಾರೆ ಬರೆದ ಆ ಒಂದಕ್ಕೆ ಸೇರಲಿಲ್ಲ. ಫೋನಿನಲ್ಲಿ ಒತ್ತುವಾಗ ಬೆರಳು ತಾನಾಗಿ ಎರಡು ಒತ್ತುತ್ತಿತ್ತು. ಬರೆಯಲು ಕೂತಾಗ ಅವಳು ಮಗನಿಗೆ ಬಾಯಿಪಾಠವಿದ್ದ ಹಾಗೆ ಬರೆದಳು, ಅವನಿಗೆ ಎರಡನೆಯ ತರಗತಿಯಲ್ಲಿ ಕಲಿಸಿದ ಹಾಗೆ, ಆರೇ ಅಂಕಿ. ಅಂಥ ನಂಬರು ಊರಲ್ಲೇ ಇಲ್ಲ. ಇಲ್ಲದ ನಂಬರನ್ನು ಯಾರಿಗೂ ಕೊಡುವುದಿಲ್ಲ, ಪರೀಕ್ಷೆ ಪಾಸಾಗದೆ ಇನ್ನೇನಾಗುತ್ತದೆ? ನಿಜವಾದ ನಂಬರು ಯಜಮಾನನಿಲ್ಲದೆ ಖಾಲಿ ಬಿದ್ದಿತ್ತು. ಆ ಏರಿಯಾದಲ್ಲಿ ಯಾರೋ ಹೊಸ ಲೈನು ಕೇಳುವವರೆಗೆ ನಮ್ಮ ಮನೆಯಲ್ಲಿ ಬಡಿಯುತ್ತಿತ್ತು, ಕೇಳಿದ ತಕ್ಷಣ ಅವರದಾಯಿತು.

ಅಕ್ಕ ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಇದನ್ನೆಲ್ಲ ಹೇಳಿ, "ನಾನೇ ಕಣೆ, ನಾನೇ" ಅಂದಳು. ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಎದ್ದವಳು ಅವಳ ಮುಖ ನೋಡಿ ನೀರು ತಂದುಕೊಟ್ಟೆ. ಅಕ್ಕ ಕುಡಿಯಲಿಲ್ಲ.

"ಏಳು, ಆ ಅಂಗಡಿಗೆ ಹೋಗೋಣ" ಅಂದೆ. "ಕಾಲು ಹಿಡಿದಾದ್ರೂ ಕೇಳೋಣ. ಕೊಡದೆ ಇರೋಕೆ ಅದೇನು ಅವರ ಅಜ್ಜನ ಆಸ್ತೀನಾ?"

ಅಂಗಡಿ ನಮ್ಮ ಹಳೆಯ ಮನೆಯಿದ್ದ ಬೀದಿಯಿಂದ ಸ್ವಲ್ಪ ಆಚೆ. ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ಹಬೆ ಹೊಡೆಯಿತು. ಪ್ಲಾಸ್ಟಿಕ್ ಹೊದ್ದ ಕೋಟುಗಳು ಸಾಲಾಗಿ ತೂಗುತ್ತಿದ್ದವು, ಹಿಂದೆ ಒಬ್ಬ ಹೆಂಗಸು ಇಸ್ತ್ರಿ ಮಾಡುತ್ತಿದ್ದಳು. ಫೋನು ಗಲ್ಲಾದ ಮೇಲೆ ಹೊಸದಾಗಿ ಹೊಳೆಯುತ್ತಿತ್ತು. ಜಗಳಕ್ಕೆ ಸೆರಗು ಬಿಗಿದು ಬಂದಿದ್ದೆ, ಅದೂ ದಂಡವಾಯಿತು. ಅಕ್ಕ ಹೇಳಿದ್ದನ್ನೆಲ್ಲ ಅಂಗಡಿಯ ಮಾಲೀಕ ಕೈಕಟ್ಟಿ ಕೇಳಿದ.

"ತಗೊಳ್ಳಿ ಮೇಡಂ, ಅದಕ್ಕೇನಂತೆ! ಬೋರ್ಡಿಗೆ ಇನ್ನೂ ಬರೆಸಿಲ್ಲ. ನಂಗೆ ಯಾವ ನಂಬರಾದ್ರೂ ಒಂದೇ, ಬಟ್ಟೆ ಬಂದ್ರೆ ಸಾಕು" ಅಂದ.

ಅಕ್ಕ ಎರಡೂ ಕೈ ಮುಗಿದಳು. ನಾಳೆಯೇ ಅವನಿಗೆ ಬೇರೆ ನಂಬರು ಬರುವಂತೆ ಮಾಡುತ್ತೇನೆಂದಳು. ನನಗೆ ಆ ಬೋಳುತಲೆಯವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಹೊರಡಲು ತಿರುಗಿದೆವು.

ಇಸ್ತ್ರಿ ಮಾಡುತ್ತಿದ್ದ ಹೆಂಗಸು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮುಂದೆ ಬಂದಳು. "ಅಮ್ಮ, ಒಂದ್ನಿಮಿಷ. ನೀವು ಫೋನ್ ಕಂಪನಿಯಲ್ಲಿ ಇರೋರಾ?"

"ಹೌದಮ್ಮ."

"ಹೋದ ವಾರ ಒಬ್ಬರು ಮಾಡಿದ್ರು. ಅಮ್ಮ ಇದ್ದಾರಾ ಅಂದ್ರು. ಇದು ಅಂಗಡಿ, ಯಾವ ಅಮ್ಮನೂ ಇಲ್ಲಪ್ಪ ಅಂದೆ. ಈ ನಂಬರ್ ನಿಮಗೆ ಯಾವಾಗ ಬಂತು ಅಂತ ಕೇಳಿದ್ರು. ಹೊಸದು, ಈಗ ತಾನೇ ಕೊಟ್ರು ಅಂದೆ."

ಅಕ್ಕ ಗಲ್ಲಾದ ಅಂಚು ಹಿಡಿದುಕೊಂಡಳು. ನಾನು ಅವಳ ರಟ್ಟೆ ಹಿಡಿದೆ.

"ಸ್ಟೇಷನ್ನಿಂದ ಮಾಡ್ತಿದ್ರು ಅನ್ಸುತ್ತೆ, ಹಿಂದೆ ರೈಲಿನ ಕೂಗು ಕೇಳ್ತಿತ್ತು. ನಮ್ಮ ಹಳೇ ಮನೆ ಬೀದಿಗೆ ಹೋಗಿ ಬಂದೆ, ಮನೆ ಇಲ್ಲ, ಅಲ್ಲಿ ಯಾರಿಗೂ ಗೊತ್ತಿಲ್ಲ ಅಂದ್ರು. ಪಾಪ ಅನ್ನಿಸ್ತು. ಆಫೀಸ್ ಗೀಫೀಸ್ ಏನಾದ್ರೂ ಗೊತ್ತಾ, ಅಲ್ಲಿ ಕೇಳಿ ಅಂದೆ. ಅದಕ್ಕೆ..." ಹೆಂಗಸು ಮಾಲೀಕನ ಮುಖ ನೋಡಿದಳು.

"ಅದಕ್ಕೆ?" ಅಂದೆ ನಾನು.

"ನಮ್ಮಮ್ಮ ಫೋನ್ ಕಂಪನಿಯಲ್ಲೇ ಇರೋದು, ನಂಬರ್ ಹಂಚೋದೇ ಅವರು. ಇದು ಬೇರೆಯವರಿಗೆ ಹೋಗಿದೆ ಅಂದ್ರೆ ಅವರೇ ಕೊಟ್ಟಿರ್ತಾರೆ. ಇರ್ಲಿ ಬಿಡಿ ಅಂದ್ರು. ಇಟ್ಬಿಟ್ರು."

ಮಾಲೀಕ ಒಂದು ಸ್ಟೂಲು ಎಳೆದು ಹಾಕಿದ. ಅಕ್ಕ ಕೂತಳು. ನಾನು ಆ ಅಂಗಡಿಯ ಫೋನಿನಿಂದಲೇ ಜಾವಾ ಹುಡುಗಿಗೆ ಕರೆ ಮಾಡಿ, ಎಲ್ಲಿಂದ ಬಂದದ್ದೆಂದು ಹುಡುಕು ಅಂದೆ. ಹುಡುಗಿ ಕೂಡಲೇ ನೋಡಿ ಹೇಳಿದಳು. ನಮ್ಮೂರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಕಾಯಿನ್ ಬೂತು, ಯಾರು ಬೇಕಾದರೂ ಮಾಡಬಹುದು. ಅಲ್ಲಿಂದ ಅವನು ಯಾವ ರೈಲು ಹತ್ತಿದನೋ ಯಾವ ಮೆಷಿನ್ನಿಗೂ ಗೊತ್ತಿಲ್ಲ. ನನಗೆ ಅಳು ಒತ್ತರಿಸಿ ಬಂತು. ಆ ಬಟ್ಟೆಗಳ ಮಧ್ಯೆ ನಿಂತು ಗೊಳೋ ಎಂದು ಅತ್ತೆ.

ಅಕ್ಕ ಅಳಲಿಲ್ಲ. ಆ ಹೆಂಗಸಿನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ದನಿ ಹೇಗಿತ್ತಮ್ಮ ಅವನದು?"

"ದಪ್ಪ ದನಿ. ಗಂಡಸರದ್ದು ಇರುತ್ತಲ್ಲ, ಹಾಗೆ. ಮೆಲ್ಲಗೆ ಮಾತಾಡಿದ್ರು."

ಅವನು ದನಿ ಇನ್ನೂ ಪೂರ್ತಿ ಬಲಿಯದ ವಯಸ್ಸಿನಲ್ಲೇ ಹೋದವನು. ದಪ್ಪ ದನಿಯ ಮಗನನ್ನು ಅಕ್ಕ ಕೇಳಿಯೇ ಇಲ್ಲ.

"ಅವನು ಹೇಗೆ ಅಂದ್ನೋ ಹಾಗೇ ಒಂದ್ಸಲ ಅನ್ನಮ್ಮ."

ಹೆಂಗಸಿಗೆ ಸಂಕೋಚವಾಯಿತು. ನನ್ನನ್ನು ನೋಡಿದಳು, ನಾನು ತಲೆಯಾಡಿಸಿದೆ. ಅವಳು ಗಂಟಲು ತಗ್ಗಿಸಿ, ದನಿ ಆದಷ್ಟು ದಪ್ಪ ಮಾಡಿಕೊಂಡು, "ಅಮ್ಮ ಇದ್ದಾರಾ?" ಅಂದಳು.

"ಇದ್ದೀನಿ ಕಣೋ" ಅಂದಳು ಅಕ್ಕ. "ಯಾರಿಗೂ ಕೊಟ್ಟಿಲ್ಲ ಕಣೋ ನಾನು. ಯಾರಿಗೂ ಕೊಟ್ಟಿಲ್ಲ."